ಓದಿದ ಕಾದಂಬರಿ ಬಗ್ಗೆ ಬರೆಯೋದು ಹೇಗೆ? ಗೊತ್ತಿದ್ದವರು ಹೇಳಿ

ಪ್ರಶ್ನೆ: ಕಾದಂಬರಿ ಮುಗಿಸಿದ ಮೇಲೆ ‘ಚೆನ್ನಾಗಿದೆ’ ಅನ್ನೋದು ಬಿಟ್ಟರೆ ಬರೆಯೋಕೆ ಏನೂ ತೋಚಲ್ಲ. ಪತ್ತೇದಾರಿಯಾದರೆ ಗುಟ್ಟು ಬಿಟ್ಟುಕೊಡದೆ ಬರೆಯೋದು ಇನ್ನೂ ಕಷ್ಟ. ಈಗ ‘ಮಲೆಗಳಲ್ಲಿ ಮದುಮಗಳು’ ಹಿಡಿದಿದ್ದೇನೆ, ಹೆಸರುಗಳೆಲ್ಲ ಕಲಸಿಹೋಗುತ್ತಿವೆ.

ಉತ್ತರ: ಹೆಸರುಗಳನ್ನು ಬಂದ ಹಾಗೆ ಪಟ್ಟಿ ಮಾಡಬೇಡಿ, ಗೊಂದಲ ಅಲ್ಲೇ ಶುರುವಾಗೋದು. ಊರಿನ ಪ್ರಕಾರ ಬರೆದುಕೊಳ್ಳಿ. ಒಂದು ಹಾಳೆಯಲ್ಲಿ ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಹಳೆಮನೆ ಅಂತ ಐದು ಖಾನೆ ಮಾಡಿ. ಗುತ್ತಿ ಸಿಂಬಾವಿಗೆ, ತಿಮ್ಮಿ ಬೆಟ್ಟಳ್ಳಿಗೆ, ಮುಕುಂದಯ್ಯ, ಐತ, ಪೀಂಚಲು ಕೋಣೂರಿಗೆ, ಚಿನ್ನಮ್ಮ ಹೂವಳ್ಳಿಗೆ. ಯಾರು ಎಲ್ಲಿಂದ ಎಲ್ಲಿಗೆ ಹೊರಟರು ಅಂತ ಬಾಣ ಎಳೆಯುತ್ತಾ ಹೋಗಿ. ಕಥೆ ಬೆಳೆಯೋದೇ ಈ ಕಾಡುದಾರಿಗಳಲ್ಲಿ ಅನ್ನೋದು ಹಾಳೆ ಮೇಲೆ ಕಾಣಿಸುತ್ತೆ, ಬರೆಯೋಕೆ ವಿಷಯವೂ ಅದೇ. ‘ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಅಂತ ಕುವೆಂಪು ಆರಂಭದಲ್ಲೇ ಹೇಳಿಬಿಟ್ಟಿದ್ದಾರೆ. ನಾಯಕನನ್ನು ಹುಡುಕುತ್ತಾ ಓದಿದರೆ ಅರ್ಧ ಪುಸ್ತಕ ಕೈತಪ್ಪುತ್ತೆ.

ಉತ್ತರ: ಪತ್ತೇದಾರಿಯನ್ನು ಮುಕ್ಕಾಲು ಭಾಗಕ್ಕೆ ನಿಲ್ಲಿಸಿ. ಅನುಮಾನ ಯಾರ ಮೇಲೆ, ಯಾಕೆ, ಪುಟ ಸಂಖ್ಯೆ ಸಮೇತ ಬರೆದಿಟ್ಟು ಮುಂದೆ ಹೋಗಿ. ಕೊನೆ ತಿಳಿದ ಮೇಲೆ ಬರೆದರೆ ‘ನನಗೆ ಮೊದಲೇ ಗೊತ್ತಿತ್ತು’ ಅನ್ನಿಸಿಬಿಡುತ್ತೆ, ಆ ಟಿಪ್ಪಣಿ ನಂಬಿಕೆಗೆ ಬರಲ್ಲ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಕಣ್ಣೆದುರು ನಡೆದದ್ದು, ಬಲಕ್ಕೆ ಯಾರೋ ಹೇಳಿದ್ದು ಹಾಕಿ. ಬಾಗಿಲು ಒಳಗಿನಿಂದ ಹಾಕಿತ್ತು ಅಂತ ಆಳು ಹೇಳಿದರೆ ಅದು ಬಲಗಡೆಯ ಮಾತು. ಓದುಗ ಅದನ್ನು ಎಡಕ್ಕೆ ಬರೆದುಕೊಂಡ ಕ್ಷಣವೇ ಮೋಸ ಹೋಗೋದು. ಮುಗಿದ ಮೇಲೆ ಆ ಸುಳಿವು ಮೊದಲೇ ಪುಟದ ಮೇಲಿತ್ತಾ, ಅಥವಾ ಕೊನೇ ಅಧ್ಯಾಯದಲ್ಲಿ ಎಲ್ಲಿಂದಲೋ ಬಂತಾ ನೋಡಿ. ಕೊಲೆಗಾರನ ಹೆಸರೆತ್ತದೆ ಇಷ್ಟನ್ನೇ ಬರೆದರೂ ಒಳ್ಳೇ ವಿಮರ್ಶೆ.

ಉತ್ತರ: ಆ ಗೆರೆಯನ್ನು ವಿವೇಕ ಶಾನಭಾಗರ ‘ಘಾಚರ್ ಘೋಚರ್’ಗೂ (2013) ಎಳೆಯಿರಿ. ನಿರೂಪಕ ಕಾಫಿ ಹೌಸ್‌ನಲ್ಲಿ ಕೂತು ಮನೆಯ ಕಥೆ ಹೇಳ್ತಾನೆ, ಅವನ ಹೆಸರು ಕೂಡ ನಮಗೆ ಸಿಗಲ್ಲ. ಎಡಗಡೆ ಖಾಲಿ, ಎಲ್ಲವೂ ಅವನೊಬ್ಬನ ಮಾತು! ಹೆಂಡತಿ ಅನಿತಾ ವಿಷಯ ಬಂದಾಗೆಲ್ಲ ಅವನು ಏನು ಹೇಳ್ತಾನೆ, ಎಲ್ಲಿಗೆ ಮಾತು ಹೊರಳಿಸ್ತಾನೆ, ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಎರಡನೇ ಓದಿನಲ್ಲಿ ಆ ಗುರುತುಗಳನ್ನಷ್ಟೇ ಓದಿ, ಮೈ ಜುಮ್ಮೆನ್ನುತ್ತೆ.

ಉತ್ತರ: ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನು ಮಾತ್ರ ಹಾಗೆ ಅಳೆಯಬೇಡಿ. ಅದರಲ್ಲಿ ಅಂಗಾಡಿ ಅನ್ನೋ ಅಧಿಕಾರಿ ಕೆಸರೂರು ಅನ್ನೋ ಊರಿಗೆ ಬರೋದು ತನಿಖೆಗೇ, ಆದರೆ ತನಿಖೆಯ ಉತ್ತರಕ್ಕಾಗಿ ಓದಿದರೆ ನಿರಾಸೆ ಖಂಡಿತ. ಕೆಸರೂರಿನಲ್ಲಿ ಯಾರು ಯಾರನ್ನು ಅನುಮಾನಿಸಿದರು ಅಂತ ಅಧ್ಯಾಯಕ್ಕೊಂದು ಸಾಲು ಸಾಕು.