ಬ್ಲ್ಯಾಕ್‌ಫೇಸ್‌ಗೆ ಕನ್ನಡದಲ್ಲಿ ಏನು? ನಾಳೆ ಬೆಳಿಗ್ಗೆಯೊಳಗೆ ಬೇಕು

ಗೆಳೆಯರೇ,

ಮೂಕಿ ಹಾಸ್ಯಚಿತ್ರಗಳ ಸಣ್ಣ ಪ್ರದರ್ಶನವೊಂದಕ್ಕೆ ಪರಿಚಯದ ಹಾಳೆ ಬರೆಯುತ್ತಿದ್ದೇನೆ. ಬರ್ಟ್ ವಿಲಿಯಮ್ಸ್ ಹತ್ತಿರ ಬಂದು ಸಿಕ್ಕಿಹಾಕಿಕೊಂಡೆ. ಬಹಾಮಾಸ್‌ನಲ್ಲಿ ಹುಟ್ಟಿದ ಕಪ್ಪು ನಟ, ನ್ಯೂಯಾರ್ಕ್ ರಂಗಭೂಮಿಯಲ್ಲಿ ದೊಡ್ಡ ಹೆಸರು. 1916ರ ‘ಎ ನ್ಯಾಚುರಲ್ ಬಾರ್ನ್ ಗ್ಯಾಂಬ್ಲರ್’ನಲ್ಲಿ ಜೈಲಿನೊಳಗೆ ಒಬ್ಬರೇ ಕೂತು, ಇಲ್ಲದ ಇಸ್ಪೀಟು ಎಲೆಗಳಲ್ಲಿ ಆಡುತ್ತಾರೆ. ಎಲ್ಲಾ ಆಟ ಮುಖದಲ್ಲೇ. ಆ ಮುಖಕ್ಕೋ ಕಪ್ಪು ಬಳಿದಿದೆ! ಬಿಳಿಯರು ಕಪ್ಪು ಜನರನ್ನು ಅಣಕಿಸಲು ಕಟ್ಟಿದ ರೂಢಿ, ಕೊನೆಗೆ ಇವರ ತಲೆಗೂ ಬಂತು. ಈ ಬ್ಲ್ಯಾಕ್‌ಫೇಸ್‌ಗೆ ‘ಕರಿಮುಖ’ ಅಂತ ಬರೆದಿದ್ದೇನೆ. ಸರಿಯೇ?

ಉತ್ತರ:
ಸರಿಯಿಲ್ಲ. ಕರಿಮುಖ ಅಂದರೆ ಗಣಪತಿ. ಕರಿ ಅಂದರೆ ಆನೆ. ಹಾಳೆ ಓದಿದವರು ಕೈಮುಗಿದಾರು.

ಉತ್ತರ:
ಸಂಸ್ಕೃತದ ಆನೆಯನ್ನು ಎಲ್ಲಾ ಕಡೆ ಯಾಕೆ ನುಗ್ಗಿಸ್ತೀರಿ? ಕರಿಹಲಗೆ, ಕರಿಮೆಣಸು ಕೇಳಿಲ್ವಾ? ‘ಕರಿಮೊಗ’ ಅನ್ನಿ. ಮುಖ ಹೋದರೆ ಆನೆಯೂ ಹೋಗುತ್ತದೆ.

ಉತ್ತರ:
ಕರಿಮೊಗ ಅಂದರೆ ನಮ್ಮ ಕಡೆ ಮುಸಿಯ ಕೋತಿ. ಅದಿರಲಿ. ಅದು ಹುಟ್ಟಿನ ಬಣ್ಣ, ಇದು ಹಚ್ಚಿಕೊಂಡದ್ದು. ನಮ್ಮಲ್ಲಿ 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ನಟ ಸಾಳುಂಕೆ ಸೀರೆ ಉಟ್ಟು ತಾರಾಮತಿ ಆದರು. ಅದು ಸ್ತ್ರೀವೇಷ. ಹಾಗೇ ‘ಕರಿವೇಷ’. ಮುಗೀತು.

ಉತ್ತರ:
ಮುಗಿದಿಲ್ಲ. ವೇಷ ಅಂದರೆ ತಾನಲ್ಲದ್ದು ಆಗೋದು. ವಿಲಿಯಮ್ಸ್ ಮೊದಲೇ ಕಪ್ಪು. ಅದರ ಮೇಲೆ ಸುಟ್ಟ ಬಿರಡೆಯ ಪುಡಿ. 1913ರಲ್ಲೇ ಅವರದು ಇನ್ನೊಂದು ಚಿತ್ರ ಶೂಟ್ ಆಗಿ, ಮುಗಿಯದೆ ಉಳಿಯಿತು. 2014ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ತೋರಿಸಿತು. ಉಳಿದ ಕಪ್ಪು ನಟನಟಿಯರೆಲ್ಲ ತಮ್ಮ ಮುಖದಲ್ಲೇ ಇದ್ದಾರೆ. ತಿರುಗುವ ಕುದುರೆ ಹತ್ತಿ ನಗುತ್ತಾರೆ. ಬಳಿದುಕೊಂಡವರು ವಿಲಿಯಮ್ಸ್ ಒಬ್ಬರೇ. ಹಾಗಾಗಿ ಬೇಕಾದ್ದು ಬಣ್ಣದ ಹೆಸರಲ್ಲ, ಬಳಿಯೋ ಕೆಲಸದ ಹೆಸರು. ‘ಮಸಿಮೊಗ’. ಮಸಿ ಅಚ್ಚ ದ್ರಾವಿಡ, ತಮಿಳಿನಲ್ಲಿ ಕಾಡಿಗೆಗೆ ಅನ್ನೋ ‘ಮೈ’ ನೋಡಿ. ಸಂಸ್ಕೃತದ ಮಷಿ ನಮ್ಮಿಂದ ಹೋದ ಸಾಲ.

ಉತ್ತರ:
ಸಾಲ ಕೊಟ್ಟದ್ದಕ್ಕೆ ಪತ್ರ ಇದೆಯೇ? ಮಸಿ ಬಳಿ ಅಂದರೆ ಮಾನ ಕಳೆ. ಅವರು ಮೇರು ನಟ.

ಉತ್ತರ:
ಯಕ್ಷಗಾನದ ‘ಬಣ್ಣದ ವೇಷ’ ಆಗಲ್ವಾ?

ಉತ್ತರ:
ಖಂಡಿತ ಬೇಡ. ಮುಖದ ಮೇಲೆ ಅಕ್ಕಿಹಿಟ್ಟಿನ ಉಬ್ಬು ಚುಕ್ಕೆ, ಅಂದರೆ ಚಿಟ್ಟಿ, ಇಡೋಕೆ ಕಲಾವಿದ ಗಂಟೆಗಟ್ಟಲೆ ಕನ್ನಡಿ ಮುಂದೆ ಕೂರುತ್ತಾನೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಉತ್ತರ:
ಸುಮ್ನೆ ಬ್ಲ್ಯಾಕ್‌ಫೇಸ್ ಅಂತಲೇ ಬಿಡಿ. ಬಸ್ಸು ಹತ್ತಲ್ವಾ ನಾವು?

ಉತ್ತರ:
ಹೀಗೆ ಬಿಟ್ಟು ಬಿಟ್ಟೇ ಈ ಗತಿ. ಕೇಳಿದವರ ‘ಮೂಕಿ’ಯನ್ನೇ ನೋಡಿ. ತಲೆ ಸಂಸ್ಕೃತದ ಮೂಕ, ಬಾಲ ಇಂಗ್ಲಿಷಿನ ಟಾಕಿ. ಕನ್ನಡ ಎಲ್ಲಿದೆ?

ಉತ್ತರ:
ಎರಡನ್ನೂ ಸೇರಿಸಿ ಹೊಲಿದ ಸೂಜಿ ಕನ್ನಡದ್ದು, ಸ್ವಾಮಿ.

ಕೇಳಿದವನು:
ಬಳಿಯೋ ಕೆಲಸ ಕಾಣಬೇಕು ಅಂದದ್ದು ಹಿಡಿಸಿತು. ಬೈಗುಳದ ಛಾಯೆ ಇದ್ದರೂ ಇರಲಿ, ಅದು ಆ ರೂಢಿಗೆ ತಕ್ಕದ್ದೇ. ‘ಮಸಿ ಬಳಿದ ಮುಖ’ ಅಂತ ಹಾಕಿದೆ. ಮೊದಲ ಸಲ ಮಾತ್ರ ಪಕ್ಕದಲ್ಲಿ ಬ್ಲ್ಯಾಕ್‌ಫೇಸ್. ಹಾಳೆ ಪ್ರಿಂಟಿಗೆ ಹೋಯಿತು.

ಉತ್ತರ:
‘ಮುಖ’ ಉಳಿಸಿಕೊಂಡಿರಿ ತಾನೇ? ಪ್ರಿಂಟ್ ನಿಲ್ಲಿಸಿ. ಮೊಗ ಆಗಬೇಕು.