ಕುಂಡದ ದುಂಡು ಮಲ್ಲಿಗೆ: ಮೊಗ್ಗು ಅರಳುವ ಮೊದಲೇ ನೇರಳೆಯಾಗಿ ಉದುರುತ್ತಿದೆ

ಬಿಸಿಲುಮಾಳಿಗೆ (ಪ್ರಶ್ನೆ):
12 ಇಂಚಿನ ಮಣ್ಣಿನ ಕುಂಡದಲ್ಲಿ ದುಂಡು ಮಲ್ಲಿಗೆ ಇದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ನೇರ ಬಿಸಿಲು ಬೀಳುತ್ತದೆ. ಮೊಗ್ಗೇನೋ ಗೊಂಚಲು ಗೊಂಚಲಾಗಿ ಬರುತ್ತದೆ, ಆದರೆ ಅರ್ಧ ಬಲಿಯುವಷ್ಟರಲ್ಲಿ ಬುಡದ ಕಡೆ ನೇರಳೆ ಬಣ್ಣ ಹತ್ತಿ, ಮುರುಟಿ ಬಿದ್ದುಹೋಗುತ್ತದೆ. ಜೊತೆಗೆ ಕುಡಿ ಎಲೆಗಳು ಹಳದಿ, ನರ ಮಾತ್ರ ಹಸಿರು. ಗೊಬ್ಬರ ಅಂತ ತಿಂಗಳಿಗೊಂದು ಚಮಚ ಡಿಎಪಿ (ಡೈಅಮೋನಿಯಂ ಫಾಸ್ಫೇಟ್). ವಾರಕ್ಕೊಮ್ಮೆ ಬೇವಿನ ಎಣ್ಣೆ ಸಿಂಪಡಿಸಿದರೂ ಫರಕು ಕಾಣುತ್ತಿಲ್ಲ. ಇದು ನೀರಿನ ತೊಂದರೆಯೇ, ಗೊಬ್ಬರದ್ದೇ, ಹುಳದ್ದೇ?

ಕತ್ತರಿಬುಟ್ಟಿ:
ಔಷಧಿ ಬದಲಿಸುವ ಮೊದಲು ಮೊಗ್ಗು ಬಿಡಿಸಿ ನೋಡಿ. ಹೊರಗಿನಿಂದ ಎಲ್ಲ ಕಾಯಿಲೆಯೂ ಒಂದೇ ಥರ ಕಾಣುತ್ತದೆ, ವ್ಯತ್ಯಾಸ ಇರುವುದು ಒಳಗೆ. ಗಿಡದ ಮೇಲೇ ಇರುವ, ಈಗಷ್ಟೇ ಬಣ್ಣ ತಿರುಗುತ್ತಿರುವ ಹತ್ತು ಮೊಗ್ಗು ಕೊಯ್ದು, ಬ್ಲೇಡಿನಿಂದ ತೊಟ್ಟಿನಿಂದ ತುದಿಯವರೆಗೆ ಉದ್ದಕ್ಕೆ ಸೀಳಿ ಬಿಳಿ ಕಾಗದದ ಮೇಲಿಡಿ. ಉದುರಿ ಒಣಗಿದ್ದು ಬೇಡ, ಅದರಲ್ಲಿದ್ದ ಹುಳ ಆಗಲೇ ಹೊರಟುಹೋಗಿರುತ್ತದೆ.

ಮೊಗ್ಗಿನ ಪಕ್ಕದಲ್ಲಿ ದುಂಡನೆಯ ತೂತು, ಒಳಗೆ ಹಿಕ್ಕೆ, ಕಪ್ಪು ತಲೆಯ ಹಸಿರು ಹುಳ ಇದ್ದರೆ ಅದು ಮೊಗ್ಗು ಕೊರೆಯುವ ಹುಳ. ಅಕ್ಕಪಕ್ಕದ ಮೊಗ್ಗುಗಳನ್ನು ನೂಲಿನಿಂದ ಹೆಣೆದುಕೊಂಡು ಒಂದೇ ಹುಳ ಇಡೀ ಗೊಂಚಲನ್ನು ಹಾಳುಮಾಡುತ್ತದೆ. ತೂತೇ ಇಲ್ಲದೆ ಬುಡ ಉಬ್ಬಿದ್ದು, ಒಳಗೆ ಒಂದೆರಡು ಮಿಲಿಮೀಟರಿನ ಬಿಳಿ ಅಥವಾ ಹಳದಿ ಮರಿಹುಳಗಳಿದ್ದರೆ ಮೊಗ್ಗುನೊಣ. ಒಳಗೆ ಏನೂ ಇಲ್ಲದೆ ಎಸಳು ಬರೀ ಬಾಡಿದ್ದರೆ ನೀರಿನ ಏರುಪೇರು: ಕುಂಡ ಪೂರ್ತಿ ಒಣಗಿ ಆಮೇಲೆ ಒಮ್ಮೆಲೇ ತೊಯ್ದರೂ, ಬೇರು ಸದಾ ನೀರಿನಲ್ಲೇ ನಿಂತರೂ ಗಿಡ ಮೊದಲು ಬಿಟ್ಟುಕೊಡುವುದು ಮೊಗ್ಗನ್ನೇ.

ಬಣ್ಣವೊಂದನ್ನೇ ನಂಬಬೇಡಿ. ಅರಳಿ ಹಳತಾದ ಮಲ್ಲಿಗೆಯೂ ನಸುನೇರಳೆಗೆ ತಿರುಗುತ್ತದೆ, ಅದು ರೋಗವಲ್ಲ.

ಬೇರುಮಟ್ಟ:
ಎಲೆಯ ವಿಷಯ ಮೊಗ್ಗಿಗಿಂತ ಬೇರೆ. ಎಳೆ ಎಲೆ ಹಳದಿ, ನರ ಹಸಿರು ಎಂದರೆ ಕಬ್ಬಿಣ ಸಿಗುತ್ತಿಲ್ಲ. ಡಿಎಪಿಯಲ್ಲಿ ನೂರಕ್ಕೆ 46 ಭಾಗ ಫಾಸ್ಫೇಟ್ (P₂O₅), ಅಂದರೆ ರಂಜಕ ಕೊಡುವ ಅಂಶ. ಕುಂಡದ ಮಣ್ಣಿನಲ್ಲಿ ಅದು ತೊಳೆದುಹೋಗದೆ ಕೂಡುತ್ತಾ ಹೋಗಿ ಕಬ್ಬಿಣವನ್ನು ಬೇರಿಗೆ ದಕ್ಕದಂತೆ ಮಾಡುತ್ತದೆ. ಹಾಗಾಗಿ ಡಿಎಪಿ ನಿಲ್ಲಿಸಿ. 1 ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಒಂದು ಚಿಟಿಕೆ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಹದಿನೈದು ದಿನಕ್ಕೊಮ್ಮೆ, ಎರಡು ಮೂರು ಸಲ. ಬೆರೆಸಿದ ನೀರು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿಬಿಡಿ, ಅದರಲ್ಲಿ ಗಿಡಕ್ಕೆ ದಕ್ಕುವ ಕಬ್ಬಿಣ ಉಳಿದಿರುವುದಿಲ್ಲ. ಹಸಿರು ಮರಳಿದೆಯೇ ಎಂದು ಹೊಸ ಚಿಗುರಿನಲ್ಲಿ ನೋಡಿ. ಹಳೆಯ ಹಳದಿ ಎಲೆ ಪೂರ್ತಿ ಸರಿಹೋಗುವುದು ಕಡಿಮೆ.

ಬಿಸಿಲುಮಾಳಿಗೆ:
ಸೀಳಿ ನೋಡಿದೆ. ತೂತು ಎಲ್ಲೂ ಇಲ್ಲ. ಹೆಚ್ಚಿನವುಗಳ ಬುಡದಲ್ಲಿ ಎಸಳುಗಳ ನಡುವೆ ಸಣ್ಣ ಬಿಳಿ ಮರಿಹುಳಗಳಿವೆ. ಕಾಗದದ ಮೇಲೆ ಬಿದ್ದದ್ದೊಂದು ಮೈ ಬಗ್ಗಿಸಿ ಚಿಮ್ಮಿಬಿಟ್ಟಿತು! ಇದಕ್ಕೆ ಬೇವಿನ ಎಣ್ಣೆ ಯಾಕೆ ನಾಟುತ್ತಿಲ್ಲ?

ಕತ್ತರಿಬುಟ್ಟಿ:
ಚಿಮ್ಮಿತು ಎಂದರೆ ಅನುಮಾನವೇ ಬೇಡ, ಮೊಗ್ಗುನೊಣ. ತಾಯಿ ನೊಣ ಎಳೆ ಮೊಗ್ಗಿನ ತುದಿಯಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ, ಮರಿ ಒಳಗೆ ಇಳಿದು ತಿನ್ನುತ್ತದೆ. ಎಣ್ಣೆ ಎಸಳಿನ ಹೊರಗೇ ಉಳಿಯುತ್ತದೆ, ಮರಿ ಇರುವ ಕಡೆ ತಲುಪುವುದೇ ಇಲ್ಲ. ಬಲಿತ ಮರಿ ಮಣ್ಣಿಗೆ ಬಿದ್ದು, ಅಲ್ಲೇ ಕೋಶವಾಗಿ, ಮತ್ತೆ ನೊಣವಾಗಿ ಮೇಲೇಳುತ್ತದೆ. ಈ ಸುತ್ತು ಮುಗಿಯಲು ಮೂರು ನಾಲ್ಕು ವಾರ ಬೇಕು. ಕಡಿಯಬೇಕಾದ ಜಾಗ ಎರಡೇ: ಮೊಗ್ಗು ಮತ್ತು ಮಣ್ಣು.

ಈಗ ಗಿಡದಲ್ಲಿರುವ ಮೊಗ್ಗನ್ನೆಲ್ಲ ತೆಗೆಯಿರಿ, ಚೆನ್ನಾಗಿ ಕಾಣುವುದನ್ನೂ ಸೇರಿಸಿ. ಇಲ್ಲಿ ಕೈ ಹಿಂಜರಿದರೆ ಉಳಿದದ್ದೆಲ್ಲ ವ್ಯರ್ಥ. ಉದುರಿದ್ದನ್ನೂ ಆರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು ನಾಲ್ಕೈದು ದಿನ ಬಿಸಿಲಿಗಿಡಿ. ಕಾಂಪೋಸ್ಟ್ ಗುಂಡಿಗೆ ಹಾಕಿದರೆ ನೀವೇ ನೊಣ ಸಾಕಿದಂತಾಗುತ್ತದೆ. ಕುಂಡದ ಮೇಲಿನ 2 ಇಂಚು ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಕೆರೆದು ತೆಗೆದು, ಹೊಸ ಮಣ್ಣು ಹಾಕಿ. ಅದರ ಮೇಲೆ ಒತ್ತಾಗಿ ನೇಯ್ದ ಬಟ್ಟೆಯನ್ನು ಕಾಂಡದ ಸುತ್ತ ಸಂದಿಲ್ಲದಂತೆ ಹಾಸಿ. ಬೀಳುವ ಮರಿಗೆ ಮಣ್ಣು ಸಿಗಬಾರದು. ನೀರು ಬಟ್ಟೆಯ ಮೇಲೇ ಹಾಕಬಹುದು. ಹೀಗೆ ಕನಿಷ್ಠ ನಾಲ್ಕು ವಾರ, ಹೊಸದಾಗಿ ಬಂದ ಉಬ್ಬಿದ ಮೊಗ್ಗನ್ನು ದಿನವೂ ಕೀಳುತ್ತಾ ಇರಬೇಕು. ಪಕ್ಕದಲ್ಲಿ ಬೇರೆ ಮಲ್ಲಿಗೆ ಕುಂಡಗಳಿದ್ದರೆ ಅವಕ್ಕೂ ಅದೇ ದಿನ ಇದೇ ಉಪಚಾರ.

ಗಿಡದ ಮೈಯೊಳಗೆಲ್ಲ ಹಬ್ಬುವ ಕೀಟನಾಶಕದ ತಂಟೆ ಬೇಡ. ಹೂವಿಗೆ ಜೇನು ಬರುತ್ತದೆ, ಅದೇ ಹೂವನ್ನು ನೀವು ಮನೆಯೊಳಗೂ ತರುತ್ತೀರಿ.

ಚಿಗುರುಗಣ್ಣು:
ಮೊಗ್ಗೆಲ್ಲ ತೆಗೆದ ಮೇಲೆ ಹೇಗೂ ಹೂವಿಲ್ಲ, ಸವರಲು ಇದೇ ಸಮಯ. ಮಲ್ಲಿಗೆ ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಕಟ್ಟುವುದು. ಹೂಬಿಟ್ಟ ಪ್ರತಿ ಕುಡಿಯನ್ನೂ ಎರಡು ಮೂರು ಜೊತೆ ಎಲೆ ಸಹಿತ, ಗೆಣ್ಣಿನಿಂದ ಅರ್ಧ ಸೆಂಟಿಮೀಟರ್ ಮೇಲೆ ಕತ್ತರಿಸಿ. ಅದಕ್ಕಿಂತ ಉದ್ದ ಕಡ್ಡಿ ಬಿಟ್ಟರೆ ಒಣಗು ಕೆಳಗಿಳಿಯುತ್ತದೆ. ಗೆಣ್ಣಿಗೇ ತಾಗಿಸಿದರೆ ಚಿಗುರೊಡೆಯುವ ಕಣ್ಣು ಸಾಯುತ್ತದೆ. ಪೆನ್ಸಿಲ್‌ಗಿಂತ ಸಣಕಲಾಗಿ ಒಳಮುಖ ಬೆಳೆದ ಕಡ್ಡಿಗಳನ್ನು ಬುಡದಿಂದಲೇ ತೆಗೆಯಿರಿ, ಗಾಳಿ ಬೆಳಕು ಆಡಲಿ. ಬಿಸಿಲು ಚೆನ್ನಾಗಿದ್ದರೆ ಐದಾರು ವಾರದಲ್ಲಿ ಹೊಸ ಮೊಗ್ಗು. ಅಷ್ಟರಲ್ಲಿ ನೊಣದ ಒಂದು ಸುತ್ತೂ ಕಳೆದಿರುತ್ತದೆ, ಅದೇ ಇದರ ದೊಡ್ಡ ಲಾಭ.

ಗೊಬ್ಬರಕ್ಕೆ ತಿಂಗಳಿಗೆ ಎರಡು ಹಿಡಿ ಎರೆಗೊಬ್ಬರ ಸಾಕು. ಚಿಗುರು ಗೇಣುದ್ದವಾದ ಮೇಲೆ ಒಮ್ಮೆ 1 ಲೀಟರಿಗೆ 2 ಗ್ರಾಂ ಪೊಟ್ಯಾಶಿಯಂ ಸಲ್ಫೇಟ್ ಕದಡಿ ಬುಡಕ್ಕೆ ಹಾಕಿ. ಯೂರಿಯಾ ಸೋಕಿಸಬೇಡಿ, ಬಳ್ಳಿಯಂತೆ ಹಬ್ಬಿ ಬರೀ ಎಲೆಯಾಗುತ್ತದೆ.

ಬಿಸಿಲುಮಾಳಿಗೆ:
ಹೇಗೂ ಸವರುತ್ತೇನಲ್ಲ, ಜೊತೆಗೇ ದೊಡ್ಡ ಕುಂಡಕ್ಕೂ ಬದಲಿಸಲೇ?

ಬೇರುಮಟ್ಟ:
ಕುಂಡದ ತಳದ ತೂತು ನೋಡಿ. ಬೇರು ಹೊರಬಂದಿದ್ದರೆ, ಅಥವಾ ಹಾಕಿದ ನೀರು ಮಣ್ಣು ತೋಯಿಸದೆ ಅಂಚಿನಿಂದಲೇ ಜಾರಿ ತಳಕ್ಕೆ ಬರುತ್ತಿದ್ದರೆ ಬದಲಿಸಿ; 14 ಇಂಚಿನದು ಸಾಕು. ಬೇರುಂಡೆಯ ಸುತ್ತ ಹೆಣೆದುಕೊಂಡ ಬೇರನ್ನು ಅರ್ಧ ಇಂಚಿನಷ್ಟು ಕೆತ್ತಿ ಇಡಿ, ಒಂದು ವಾರ ಅರೆನೆರಳಿನಲ್ಲಿರಲಿ. ಆ ಎರಡು ಲಕ್ಷಣ ಇಲ್ಲದಿದ್ದರೆ ಈಗ ಬೇರಿಗೆ ಕೈಹಾಕಬೇಡಿ, ಮೇಲ್ಮಣ್ಣು ಬದಲಿಸಿದ್ದೇ ಸಾಕು.