ಸ್ಕೋಪ್ ಬಿಚ್ಚಿದ್ರೆ ಸಾಕಾ? ಪೆನ್ಸಿಲ್ವೇನಿಯಾದ ಕೋವಿ, ಕೊಲೊರಾಡೊದ ಮಜಲ್‌ಲೋಡರ್ ಸೀಸನ್

ಡೆನ್ವರ್‌ಗೆ_ಹೊರಟವ:
ಪೆನ್ಸಿಲ್ವೇನಿಯಾದ ಅಕ್ಟೋಬರ್ ಸೀಸನ್ನಿಗೆ ಅಂತ ತಗೊಂಡ .50 ಇನ್‌ಲೈನ್ ಮಜಲ್‌ಲೋಡರ್ (ಬಾಯಿಂದ ಮದ್ದು-ಗುಂಡು ತುಂಬೋ ಕೋವಿ) ಇದೆ. 3-9 ಸ್ಕೋಪ್ (ಗುರಿ ದುರ್ಬೀನು), ಕಿಡಿ ಕೊಡೋ 209 ಪ್ರೈಮರ್, 50 ಗ್ರೇನಿನ ಎರಡು ಪೆಲೆಟ್ (ಮದ್ದಿನ ಬಿಲ್ಲೆ), ಸ್ಯಾಬೊಟ್‌ನಲ್ಲಿ (ಪ್ಲಾಸ್ಟಿಕ್ ಕವಚ) 250 ಗ್ರೇನ್ ಗುಂಡು. ಇನ್ಮೇಲೆ ಕೊಲೊರಾಡೊ. ಅಲ್ಲಿನ ಸೆಪ್ಟೆಂಬರ್ ಜಿಂಕೆ ಸೀಸನ್ನಿಗೆ ಏನೇನು ಬದಲಾಯಿಸಬೇಕು? ಮಾಡಿದವರು ಖರ್ಚು ಸಮೇತ ಹೇಳಿ.

ಕಬ್ಬಿಣದ_ಗುರಿ:
ಕೋವಿ, ಪ್ರೈಮರ್ ಬಿಟ್ಟು ಎಲ್ಲಾ ಹೋಗುತ್ತೆ ಗುರು. ಸ್ಕೋಪ್ ಇಲ್ಲ, ಸ್ಯಾಬೊಟ್ ಇಲ್ಲ, ಪೆಲೆಟ್ ಇಲ್ಲ, ಬ್ಯಾಟರಿ ಹಾಕೋ ಯಾವುದೂ ಇಲ್ಲ. ಪುಡಿ ಬಿಡಿಯಾಗೇ ಇರಬೇಕು. ನನ್ನ ಲೆಕ್ಕ ಬರ್ಕೊಳ್ಳಿ: ಪೀಪ್ ಸೈಟ್ (ತೂತಿನಲ್ಲಿ ನೋಡಿ ಗುರಿ ಇಡೋದು) 85 ಡಾಲರ್, ಮುಂದಿನ ಸೈಟ್ 40, ಟ್ರಿಪಲ್ ಸೆವೆನ್ ಪುಡಿ ಒಂದು ಪೌಂಡ್ 50, ಕೋನಿಕಲ್ (ಉದ್ದನೆ) ಗುಂಡು ಮೂರು ಪೆಟ್ಟಿ 105. ಒಟ್ಟು 280, ಅದರಲ್ಲಿ ಎರಡು ಪೆಟ್ಟಿ ಬರೀ ಗುರಿ ಕೂರಿಸೋಕೇ ಮುಗೀತು. ಗುಂಡಿನ ಉದ್ದ ವ್ಯಾಸದ ಎರಡರಷ್ಟು ಮೀರಬಾರದು, ಅಂದ್ರೆ .50ಗೆ ಒಂದಿಂಚು. ಸೀಸದ್ದು ಸಾಮಾನ್ಯವಾಗಿ ಒಳಗೇ ಇರುತ್ತೆ. ತಾಮ್ರ ಹಗುರ, ಅದೇ ತೂಕಕ್ಕೆ ಉದ್ದ ಜಾಸ್ತಿ, ಕ್ಯಾಲಿಪರ್ ಇಟ್ಟು ಅಳೀರಿ. ಟ್ರಿಪಲ್ ಸೆವೆನ್ ಕರಿಮದ್ದಿಗಿಂತ ಚುರುಕು, ಅಳತೆ 15% ಇಳಿಸಿ. 209 ಜೊತೆ ಅದು ಗುಂಡು ಕೂರೋ ಜಾಗದ ಹತ್ರ ಗಟ್ಟಿ ಕಿಟ್ಟದ ಉಂಗುರ ಕಟ್ಟುತ್ತೆ, ಎರಡನೇ ಗುಂಡು ಅಲ್ಲೇ ನಿಲ್ಲುತ್ತೆ. ಪ್ರತಿ ಈಡಿಗೂ ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಎಳೀರಿ.

ಚಕಮಕಿ_ಕಲ್ಲು:
ಪ್ರೈಮರು, ಪೆಲೆಟ್ಟು, ದುರ್ಬೀನು. ಇದಕ್ಕೆ ಮಜಲ್‌ಲೋಡರ್ ಅಂತ ಹೆಸರು ಬೇರೆ! ಪೆನ್ಸಿಲ್ವೇನಿಯಾದಲ್ಲಿ 1974ರಿಂದ ಫ್ಲಿಂಟ್‌ಲಾಕ್ ಸೀಸನ್ ಇದೆ, ಈಗ ಕ್ರಿಸ್ಮಸ್ ಮಾರನೇ ದಿನ ಶುರು. .44 ಅಥವಾ ದೊಡ್ಡದು, ಕಬ್ಬಿಣದ ಸೈಟು, ಚಕಮಕಿ ಕಿಡಿ. ಅಷ್ಟೇ. ನಾನು ಹಾಕೋದು .490 ಉರುಟು ಗುಂಡು, 177 ಗ್ರೇನ್, ಗುಂಡಿಗೆ ಸುತ್ತೋ .018 ಬಟ್ಟೆ, 70 ಗ್ರೇನ್ ಎಫ್‌ಎಫ್‌ಜಿ ಕರಿಮದ್ದು. ಕಿಡಿ ಬೀಳೋ ಪ್ಯಾನ್‌ಗೆ 3 ಗ್ರೇನ್ ನಾಲ್ಕು ಎಫ್‌ನ ನುಣ್ಣನೆ ಮದ್ದು, ಪಕ್ಕದ ತೂತು ಮುಚ್ಚೋ ಹಾಗೆ ತುಂಬಬಾರದು. ಮುಚ್ಚಿದ್ರೆ ಬೆಂಕಿ ಹಾರಲ್ಲ, ಬತ್ತಿ ಥರ ಉರ್ಕೊಂಡು ಹೋಗುತ್ತೆ, ಈಡು ತಡ ಆಗುತ್ತೆ. ಈಡು ತುಂಬೋವಾಗ ತೂತಿಗೆ ಪೈಪ್ ಕ್ಲೀನರ್ ಸಿಕ್ಕಿಸಿ. ನಳಿಗೆಗೆ ಹಚ್ಚಿಟ್ಟ ಎಣ್ಣೆಯನ್ನ ಆಲ್ಕೋಹಾಲ್ ಬಟ್ಟೇಲಿ ಒರಸದೇ ತುಂಬಿದ್ರೆ ಮೊದಲ ಈಡು ಟುಸ್. ಮಂಜು ಬೀಳೋ ದಿನ ಪ್ಯಾನಿನ ಪುಡಿ ಅರ್ಧ ಗಂಟೆಗೊಮ್ಮೆ ಬದಲಾಯಿಸಿ. ಇದನ್ನೆಲ್ಲಾ ಕಲಿಯೋ ತಾಳ್ಮೆ ಇಲ್ಲದವರು ರೈಫಲ್ ಸೀಸನ್ನಿಗೆ ಕಾಯಲಿ.

ಉಟಾದ_ನೊಂದವ:
ಉಪದೇಶ ಸಾಕು ಸಾರ್. ಉಟಾ 2016ರಲ್ಲಿ ದೊಡ್ಡದು ಮಾಡಿ ತೋರಿಸೋ ಸ್ಕೋಪಿಗೆ ಒಪ್ಪಿತು, 2024ರ ಸೀಸನ್ನಿಂದ ಬೇಡ ಅಂತು. ನಿಯಮ ನಂಬಿ ಹಾಕಿದ ಸ್ಕೋಪ್ 420, ರಿಂಗ್ 60, ಬೇಸ್ 35. ಮಾರಿದಾಗ ಬಂದದ್ದು 230. ಕಬ್ಬಿಣದ ಸೈಟು ಸಾಕು ಅಂತೀರಲ್ಲ, ಲೆಕ್ಕ ಹಾಕಿ: ಮುಂದಿನ ಸೈಟಿನ .090 ಇಂಚಿನ ಮಣಿ ಕಣ್ಣಿಂದ 36 ಇಂಚು ದೂರ ಇದ್ರೆ 100 ಗಜದಲ್ಲಿ 9 ಇಂಚು ಮುಚ್ಚುತ್ತೆ. ಜಿಂಕೆ ಎದೆಯಲ್ಲಿ ಹೊಡೆಯೋ ಜಾಗವೇ ಅಷ್ಟು. ಕುರುಡಾಗಿ ಹೊಡೆದು ಗಾಯ ಮಾಡಿ ಬಿಡೋದು ಯಾವ ಸಂಪ್ರದಾಯ?

ಚಕಮಕಿ_ಕಲ್ಲು:
60 ಗಜಕ್ಕೆ ಹೋಗ್ರಿ, ಐದೂವರೆ ಇಂಚು ಆಗುತ್ತೆ. ಸ್ಕೋಪ್ ಸಿಕ್ಕಿದ್ದೇ 250 ಗಜಕ್ಕೆ ಕೈ ಹಾಕ್ತೀರಿ, ಗಾಯ ಆಗೋದು ಅಲ್ಲಿ. ಹತ್ತಿರದಿಂದ ಹೊಡೀತಾರೆ ಅಂತಾನೇ ಈ ಸೀಸನ್ ಬೇರೆ ಕೊಟ್ಟಿದ್ದು.

ಐಡಹೊ_ಕುದುರೆ:
ನಿಮ್ಮ ಜಗಳ ನೋಡಿದ್ರೆ ನಗು ಬರುತ್ತೆ. ಐಡಹೊದ ಮಜಲ್‌ಲೋಡರ್-ಮಾತ್ರ ಸೀಸನ್ನಿಗೆ ಕುದುರೆ (ಬಡಿಯೋ ಸುತ್ತಿಗೆ) ಹೊರಗೇ ಕಾಣಬೇಕು, 209 ಪ್ರೈಮರ್ ಕೂಡ ಇಲ್ಲ. ಬಡಿದ್ರೆ ಕಿಡಿ ಕೊಡೋ ಕೇಪು ಅಥವಾ ಚಕಮಕಿ. ಹಾಗಾಗಿ ಬ್ಲ್ಯಾಕ್‌ಹಾರ್ನ್ 209 ಅನ್ನೋ ಪುಡಿ ಮರೆತುಬಿಡಿ, ಕೇಪಿನ ಕಿಡಿಗೆ ಅದು ನೆಟ್ಟಗೆ ಹತ್ತಲ್ಲ. ಅರ್ಧ ಡಬ್ಬಿ ಹಾಗೇ ಕೂತಿದೆ. ಇನ್‌ಲೈನ್ ಇದ್ದೂ 520 ಕೊಟ್ಟು ಇನ್ನೊಂದು ಕೋವಿ.

ಉಟಾದ_ನೊಂದವ:
ಮಿಸಿಸಿಪ್ಪಿಯಲ್ಲಿ ‘ಪ್ರಿಮಿಟಿವ್’ (ಹಳೇ ಕಾಲದ ಆಯುಧದ) ಸೀಸನ್ನಿಗೆ .35 ಅಥವಾ ದೊಡ್ಡ ಒಂಟಿ ತೋಟಾದ ಕೋವಿ ನಡೆಯುತ್ತೆ, ಕುದುರೆ ಹೊರಗಿದ್ರೆ ಆಯ್ತು. ಬಾಯಿಂದ ತುಂಬೋದೇ ಬೇಡ! ಅವರನ್ನ ಯಾರೂ ಕೇಳಲ್ಲ.

ಸೋಮವಾರಪೇಟೆ_ಓಹಾಯೊ:
ಕೇಪಿನ ಕೋವಿ ಅಂದ್ರೆ ನಮ್ಮ ಕಡೆದು ಮಾರಾಯ್ರೆ. ಗಜದ ಕೋಲು ಹಾಕಿ ಜಡಿದು, ಮಸಿ, ಚರೆ, ತೆಂಗಿನ ನಾರು. ಇವರ ಕೋನಿಕಲ್ಲು ಯಾಕೆ?

ಚಕಮಕಿ_ಕಲ್ಲು:
ಚರೆ ಇಟ್ಟು ಇಲ್ಲಿ ಜಿಂಕೆಗೆ ಹೊಡೆದ್ರೆ ದಂಡ ಕಟ್ತೀರಿ, ಮಜಲ್‌ಲೋಡರ್‌ಗೆ ಒಂದೇ ಗುಂಡು. ಊರಲ್ಲಂತೂ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ ವಿಷಯ ಎತ್ತೋದೇ ಬೇಡ. ಮತ್ತೆ ‘ಮಸಿ’ ಅಲ್ಲ, ಮದ್ದು.

ಸೋಮವಾರಪೇಟೆ_ಓಹಾಯೊ:
ನಮ್ಮಲ್ಲಿ ಮಸಿಯೇ. ನಿಮ್ಮ ಊರಿನ ಮಾತು ನಮಗೆ ಕಲಿಸಬೇಡಿ.

ಕಡತ_ಓದುವವ:
ಎಚ್-1ಬಿಯಲ್ಲಿ ಇರೋರಿಗೆ ಒಂದು ಮಾತು. ಫೆಡರಲ್ ಕಾನೂನು ಆ ವೀಸಾದವರಿಗೆ ಬಂದೂಕು ಬೇಡ ಅನ್ನುತ್ತೆ, ಬೇಟೆ ಲೈಸೆನ್ಸ್ ಇದ್ರೆ ವಿನಾಯಿತಿ. ಕರಿಮದ್ದಿನ ಬಾಯಿತುಂಬೋ ಕೋವಿ ಸಾಮಾನ್ಯವಾಗಿ ಆ ಕಾನೂನಿನ ‘ಬಂದೂಕು’ ಲೆಕ್ಕಕ್ಕೇ ಬರಲ್ಲ. ರಾಜ್ಯದ ಕಾನೂನು ಬೇರೆ ಇರಬಹುದು, ಓದ್ಕೊಳ್ಳಿ.

ಡೆನ್ವರ್‌ಗೆ_ಹೊರಟವ:
ಬ್ಲ್ಯಾಕ್‌ಹಾರ್ನ್ ಕೊಲೊರಾಡೊದಲ್ಲಿ ನಡೆಯುತ್ತಾ? ಅದನ್ನ ಯಾರೂ ಹೇಳಲಿಲ್ಲ.

ಕಬ್ಬಿಣದ_ಗುರಿ:
ನಡೆಯುತ್ತೆ, ಹೊಗೆರಹಿತ ಪುಡಿ ಮಾತ್ರ ಬೇಡ. ಆದ್ರೆ ಬ್ಲ್ಯಾಕ್‌ಹಾರ್ನನ್ನ ತೂಕದಲ್ಲಿ ಹಾಕೋದಾದ್ರೆ 0.7ರಿಂದ ಗುಣಿಸಿ: ಅಳತೆ ಕೊಳವೆಯ 100 ಅಂದ್ರೆ ತಕ್ಕಡಿಯ 70. ತಕ್ಕಡೀಲೂ 100 ಇಟ್ಟವರ ಕೋವಿ ಪಕ್ಕ ನಾನು ನಿಲ್ಲಲ್ಲ. ಗಜದ ಕೋಲಿಗೆ ಎರಡು ಗೀಟು ಹಾಕಿ, ಖಾಲಿ ನಳಿಗೆಗೆ ಒಂದು, ತುಂಬಿದ್ದಕ್ಕೆ ಒಂದು. ಗುಂಡು ಪುಡಿಗೆ ತಾಗದೆ ನಡುವೆ ನಿಂತ್ರೆ ನಳಿಗೆ ಉಬ್ಬುತ್ತೆ. 500 ಚದರ ಇಂಚು ಕಿತ್ತಳೆ ಬಟ್ಟೆ ಮೈಮೇಲೆ ಇರಲಿ, ತಲೆಗೂ ಅದೇ ಬಣ್ಣ. ಬಿಲ್ಲಿನವರು ಹಾಕಿಲ್ಲ ಅಂತ ನೋಡಿ ಮೋಸ ಹೋಗ್ಬೇಡಿ.

ಚಕಮಕಿ_ಕಲ್ಲು:
ಆ ಪೆಲೆಟ್ ಡಬ್ಬಿ ಮಾರೋದಾದ್ರೆ ಹೇಳಿ. ಅಂಚೇಲಿ ಕಳಿಸಬೇಡಿ, ಸ್ಫೋಟಕ ಅದು.